ಕೊಕ್ಕರೆ ಬಂದು ಸತ್ತ ಆರು ಕೋಳಿ

ಫ್ಯಾಕ್ಸ್ ಯಂತ್ರದ ಕಾಗದ ಮುಗಿಯಬಹುದು. ಜೀಪು ಕೊಣನೂರಿನ ದಾರಿಯಲ್ಲಿ ಕೆಟ್ಟು ನಿಲ್ಲಬಹುದು. ಸ್ಯಾಂಪಲ್ ಡಬ್ಬಿಯ ಐಸ್ ಹಾಸನ ತಲುಪುವ ಮುಂಚೆಯೇ ಕರಗಬಹುದು. ನನ್ನ ಕೈಗವಸು ಹರಿಯಬಹುದು; ಹರಿದದ್ದು ಗೊತ್ತಾಗದಿರಬಹುದು; ಗೊತ್ತಾಗದೆ ನಾನು ಮನೆಗೆ ಹೋಗಿ ಮಗಳ ತಲೆ ಸವರಬಹುದು. ಊರಿನವರು ಕೋಳಿಗಳನ್ನು ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಚನ್ನರಾಯಪಟ್ಟಣದ ನೆಂಟರ ಮನೆಗೆ ಸಾಗಿಸಬಹುದು. ಪತ್ರಿಕೆಯವರು ಬರಬಹುದು. ಮಂತ್ರಿಗಳು ಬರಬಹುದು. ಎಲ್ಲಕ್ಕಿಂತ ಕೊನೆಯಲ್ಲಿ, ಹಕ್ಕಿಜ್ವರ ನಿಜವಾಗಿಯೂ ಬಂದಿರಬಹುದು.

ನನ್ನ ೨೦೦೬ರ ಡೈರಿಯ ಹಿಂಬದಿಯ ಪುಟದಲ್ಲಿ ಇಂಥ ಇಪ್ಪತ್ತಮೂರು ಸಂಗತಿಗಳ ಪಟ್ಟಿ ಇದೆ. ಆಗ ನಾನು ಅರಕಲಗೂಡು ತಾಲ್ಲೂಕಿನ ಪಶುವೈದ್ಯಾಧಿಕಾರಿ. ವಯಸ್ಸು ನಲವತ್ತೆರಡು. ಹೊಳೆನರಸೀಪುರದಲ್ಲಿ ದೇವಸ್ಥಾನದ ಬೀದಿಯಲ್ಲಿ, ಮೊಟ್ಟೆಯನ್ನೂ ಒಳಗೆ ಬಿಡದ ಮನೆಯಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಕೋಳಿಗಳ ಬಾಯೊಳಗೆ ಇಣುಕುವ ಕೆಲಸ ಹಿಡಿದವನು. ಪಟ್ಟಿ ಮಾಡುವುದು ನನ್ನ ಹಳೆಯ ಚಟ. ಮೊದಲೇ ಬರೆದಿಟ್ಟ ಅನಾಹುತ ನಡೆಯುವುದಿಲ್ಲವೆಂದು ನನ್ನ ನಂಬಿಕೆ. ನನ್ನ ಹೆಂಡತಿ ಇದಕ್ಕೆ "ನಿಮ್ಮ ಸಹಸ್ರನಾಮ" ಎನ್ನುತ್ತಾಳೆ.

ಆ ವರ್ಷದ ಆರಂಭದಲ್ಲಿ ಗಡಿಯಾಚೆಯ ನೆರೆರಾಜ್ಯದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಅದು ನಮ್ಮಿಂದ ನೂರಾರು ಮೈಲಿ ದೂರ. ಆದರೆ ಸರ್ಕಾರಕ್ಕೆ ದೂರ ಎಂಬುದು ಇರುವುದಿಲ್ಲ. ಗಡಿಯ ಚೆಕ್‌ಪೋಸ್ಟುಗಳಲ್ಲಿ ಕೋಳಿ ಲಾರಿಗಳನ್ನು ತಡೆದರು. ಜಿಲ್ಲೆಗೊಂದು ಕಂಟ್ರೋಲ್ ರೂಮ್ ತೆರೆದರು. ಪ್ರತಿ ತಾಲ್ಲೂಕಿನಿಂದಲೂ ದಿನವೂ ಸಂಜೆ ನಾಲ್ಕಕ್ಕೆ 'ಶೂನ್ಯ ವರದಿ' ಹೋಗಬೇಕಿತ್ತು. ಅಂದರೆ ಇಂದು ಏನೂ ಆಗಿಲ್ಲ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸುವುದು. ಏನೂ ಆಗದ್ದನ್ನು ದಿನವೂ ವರದಿ ಮಾಡುವ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಕಾಡುಹಕ್ಕಿಗಳ ಮೇಲೂ ಕಣ್ಣಿಡಲು ಆದೇಶ ಬಂತು. ವಲಸೆ ಹಕ್ಕಿಗಳಿಂದ ರೋಗ ಹರಡುತ್ತದೆಂಬ ಭಯ. ಗೊರೂರಿನ ಹಿನ್ನೀರು, ಕಾವೇರಿಯ ದಡ, ಎಲ್ಲ ಕಡೆ ಬೆಳ್ಳಕ್ಕಿ, ಕೊಕ್ಕರೆಗಳು ತಮ್ಮ ಪಾಡಿಗೆ ಮೀನು ಹಿಡಿಯುತ್ತಿದ್ದವು. ಅವುಗಳ ಬಗ್ಗೆ ಬೆಂಗಳೂರಿನಲ್ಲಿ ಕಡತ ತೆರೆದದ್ದು ಅವಕ್ಕೆ ಗೊತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಕೊಣನೂರು ಹೋಬಳಿಯ ನಮ್ಮ ಕಾಂಪೌಂಡರ್ ಶಿವಣ್ಣ ಫೋನ್ ಮಾಡಿದ. "ಸಾ, ಒಬ್ಬರ ಮನೇಲಿ ಕೋಳಿ ಸಾಯ್ತಾವೆ. ಗಾಬ್ರಿ ಬೀಳ್ಬ್ಯಾಡಿ." ಗಾಬರಿ ಬೀಳಬೇಡಿ ಎಂದಮೇಲೆ ನನಗೆ ಇನ್ನೇನು ಉಳಿಯಿತು.

ಹೊಳೆಯ ಕಡೆಯ ಒಂದು ಸಣ್ಣ ಹಳ್ಳಿ. ಮನೆಯೊಡತಿ ಸಾಕಮ್ಮ. ಐವತ್ತರ ಆಸುಪಾಸು, ಗಟ್ಟಿ ಹೆಂಗಸು. ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುವ ಮನೆ. ಆಕೆಯ ಕೋಳಿಗಳು ಬೇರೆಯವರ ಕೋಳಿಗಳಂತಿರಲಿಲ್ಲ. ಬೂದಿಬಣ್ಣದ ಮೈಮೇಲೆ ಬಿಳಿ ಚುಕ್ಕೆ. ಮದುವೆಯಾಗಿ ಬಂದ ವರ್ಷ ತವರಿನಿಂದ ಬುಟ್ಟಿಯಲ್ಲಿ ತಂದ ಒಂದು ಹೇಂಟೆಯ ಸಂತತಿ ಅದು. ತವರಿನಲ್ಲಿ ಈಗ ಆ ತಳಿ ಇಲ್ಲ, ತವರೇ ಇಲ್ಲ. ಇಪ್ಪತ್ತರಲ್ಲಿ ಆರು ಸತ್ತಿದ್ದವು.

"ಹೆಂಗಾಯ್ತಮ್ಮ?"

"ಕೊಕ್ಕರೆ ಬಂದು ಓದ್ವು ಸಾ. ಎಲ್ಡೇ ದಿವ್ಸ."

ನಮ್ಮ ಕಡೆ ಕೊಕ್ಕರೆ ಎಂದರೆ ರಾಣಿಖೇತ್ ರೋಗ. ಅದು ಕೋಳಿಗಳಿಗೆ ಬರುವ ಹಳೆಯ ಕಾಯಿಲೆ. ಕತ್ತು ತಿರುಚಿಕೊಳ್ಳುತ್ತದೆ, ಹಸಿರು ಭೇದಿಯಾಗುತ್ತದೆ, ಮನುಷ್ಯರ ಜೀವಕ್ಕೆ ಅಪಾಯವಿಲ್ಲ. ನಾನು ದೂರದಿಂದಲೇ ನೋಡಿದೆ. ಕತ್ತೂ ತಿರುಚಿತ್ತು, ಭೇದಿಯೂ ಹಸಿರೇ. ಆದರೆ ಹಕ್ಕಿಜ್ವರ ಅಲ್ಲವೆಂದು ಕಣ್ಣಲ್ಲಿ ನೋಡಿ ಪ್ರಮಾಣ ಮಾಡಲಾಗದು. ಹಾಗಾಗಿ ವರದಿಯಲ್ಲಿ ರೋಗದ ಹೆಸರಿನ ಕಾಲಂ ಎದುರು 'ಪರಿಶೀಲನೆಯಲ್ಲಿದೆ' ಎಂದು ಬರೆದೆ. ಷರಾ ಕಾಲಂನಲ್ಲಿ, ಮಾತು ತಿರುಚಿದೆನೆಂದು ನಾಳೆ ಯಾರೂ ಅನ್ನಬಾರದೆಂದು, ಸಾಕಮ್ಮನ ಮಾತನ್ನೇ ಯಥಾವತ್ತಾಗಿ ಇಳಿಸಿದೆ: 'ಕೊಕ್ಕರೆ ಬಂದು ಆರು ಕೋಳಿ ಮೃತ.'

ಫ್ಯಾಕ್ಸ್ ಹೋಯಿತು. ಮೇಲೆ ಎಲ್ಲೋ ಒಂದು ಕಡೆ ಯಾರೋ ಅದನ್ನು ಇಂಗ್ಲಿಷಿಗೆ ಇಳಿಸಿದರು. ಅವರದೇನೂ ತಪ್ಪಿಲ್ಲ, ಬರೆದದ್ದು ಹಾಗೇ ಇತ್ತು. ಕೊಕ್ಕರೆಗಳು ಬಂದವು, ಆರು ಕೋಳಿಗಳು ಸತ್ತವು. ಸುತ್ತೋಲೆಯಲ್ಲಿ ಯಾವುದಕ್ಕೆ ಹೆದರಿದ್ದರೋ ಅಕ್ಷರಶಃ ಅದೇ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಸಾಕಮ್ಮನ ಮನೆಯೆದುರು ನಾಲ್ಕು ಜೀಪು. ಹಾಸನದಿಂದ ನಮ್ಮ ಉಪನಿರ್ದೇಶಕರು, ಹೊಳೆನರಸೀಪುರದಿಂದ ಗುದ್ದಲಿ, ಸುಣ್ಣದ ಮೂಟೆಗಳೊಂದಿಗೆ ಒಂದು ತಂಡ, ದುರ್ಬೀನು ಹಿಡಿದ ಅರಣ್ಯದವರು. ಜೊತೆಗೆ ಬೆಂಗಳೂರಿನಿಂದ ಬಂದ ಒಬ್ಬ ಯುವ ಅಧಿಕಾರಿ, ಇಸ್ತ್ರಿ ಕೆಡದ ಅಂಗಿಯವರು. ಶಂಕೆ ಇದೆಯೆಂದು ನಾನು ಬರೆದುಕೊಟ್ಟರೆ ವರದಿಗೆ ಕಾಯದೆ ಸುತ್ತಲಿನ ಹಳ್ಳಿಗಳ ಕೋಳಿಗಳನ್ನೆಲ್ಲ ಇಂದೇ ಕೊಂದು ಹೂಳುವುದು ಅವರ ಯೋಚನೆ. ಊರ ಹೊರಗೆ ಆಗಲೇ ಗುಂಡಿ ತೋಡುತ್ತಿದ್ದರು.

ರಕ್ಷಾ ಉಡುಪು ತಾಲ್ಲೂಕಿಗೆ ಎರಡು ಬಂದಿದ್ದವು. ಎರಡೂ ಆರಡಿಯ ಆಳಿನ ಅಳತೆಯವು. ನಾನು ಐದಡಿ ನಾಲ್ಕಂಗುಲ. ತಲೆಯಿಂದ ಕಾಲಿನವರೆಗೆ ಬಿಳಿ ಗವಸು, ಕನ್ನಡಕ, ಮುಖವಾಡ ತೊಟ್ಟು ಹಿತ್ತಲಿಗೆ ನಡೆದೆ. ಕನ್ನಡಕಕ್ಕೆ ಮೊದಲ ಉಸಿರಿಗೇ ಮಂಜು ಹಿಡಿಯಿತು. ಸಾಕಮ್ಮ ಜಗಲಿಯಿಂದ ಏನೋ ಕೂಗಿದರು. ಗವಸಿನೊಳಗೆ ನನ್ನ ಎದೆಬಡಿತ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ತಡಕಾಡಿ, ಬುಟ್ಟಿಗಳನ್ನೆತ್ತಿ, ಸಿಕ್ಕ ಕೋಳಿಗಳ ಗಂಟಲನ್ನು ಹತ್ತಿಕಡ್ಡಿಯಲ್ಲಿ ಒರೆಸಿ, ರಕ್ತ ತೆಗೆದು ಡಬ್ಬಿಗೆ ಹಾಕಿದೆ. ಒಂದೆರಡು ಕೈ ತಪ್ಪಿಸಿಕೊಂಡು ಹಾರಿದವು. ಶಿವಣ್ಣ ಅವುಗಳ ಹಿಂದೆ ಓಡಿದ.

ಡಬ್ಬಿ ತೆರೆದರೆ ಐಸ್ ಆಗಲೇ ನೀರಾಗಿತ್ತು. ಪಟ್ಟಿಯ ಮೂರನೆಯದು. ಆಗ ಗೊರೂರಿನಿಂದ ಮೀನು ತಂದು ಸೈಕಲ್ಲಿನಲ್ಲಿ ಮಾರುವವನೊಬ್ಬ ಗುಂಪಿನಲ್ಲಿ ನಿಂತಿದ್ದ. ಯಾರೂ ಕೇಳದೆಯೇ ತನ್ನ ಮೀನುಗಳನ್ನು ಬಾಳೆಲೆಯ ಮೇಲೆ ಸುರಿದು ಐಸನ್ನೆಲ್ಲ ನಮ್ಮ ಡಬ್ಬಿಗೆ ತುಂಬಿದ. "ತಕಳಿ ಸಾ, ಮೀನ್ ಇವತ್ತು ಇವರೇ ತಿಂತಾರೆ. ಕೋಳಿ ಅಂತೂ ಯಾರೂ ಮುಟ್ಟಾಕಿಲ್ಲ." ದೇಶದ ಅತಿ ಭದ್ರ ಪ್ರಯೋಗಾಲಯಕ್ಕೆ ಹೋದ ನಮ್ಮ ಸ್ಯಾಂಪಲ್ ಮೀನಿನ ವಾಸನೆ ಹೊತ್ತೇ ಹೋಯಿತು. ಅವನ ಹೆಸರು ಕೇಳಲಿಲ್ಲ ಎಂಬ ಕೊರಗು ಇಂದಿಗೂ ಇದೆ.

ನಾನು ಉಡುಪು ಕಳಚಿ ಬೆವರು ಒರೆಸಿಕೊಂಡು ಬರುವಷ್ಟರಲ್ಲಿ ಜಗಲಿಯ ಮೇಲೆ ವಿಚಾರಣೆ ಶುರುವಾಗಿತ್ತು.

"ಕೊಕ್ಕರೆ ಎಲ್ಲಿಂದ ಬಂದವಮ್ಮ?" ಬೆಂಗಳೂರಿನವರು ಪೆನ್ನು ಹಿಡಿದು ಕೇಳಿದರು.

"ಸಂತೆಯಿಂದ ಕಣ್ ಸಾ."

"ಸಂತೆಯಿಂದ? ಸಂತೆಯಲ್ಲಿ ಕೊಕ್ಕರೆ ಮಾರ್ತಾರಾ?"

"ಮಾರೋರು ಏಳ್ತಾರಾ? ತಂದಾಗ ಚೆಂದಾಗೇ ಇರ್ತದೆ. ಎಂಟ್ ದಿವ್ಸಕ್ಕೆ ಕತ್ತು ತಿರುಗುಸ್ತದೆ."

"ಯಾರು, ಕೊಕ್ಕರೆಯಾ?"

"ಕೋಳಿ ಸಾ. ಕೊಕ್ಕರೆಗೆಲ್ಲೈತೆ ಕತ್ತು?"

ಅರಣ್ಯದವರು ದುರ್ಬೀನು ಇಳಿಸಿದರು. ಉಪನಿರ್ದೇಶಕರು ನನ್ನ ಕಡೆ ತಿರುಗಿದರು. ನನ್ನ ಫ್ಯಾಕ್ಸಿನ ಪ್ರತಿ ಅವರ ಕೈಯಲ್ಲಿತ್ತು. ಆ ಕ್ಷಣ ನನಗೆ ಎಲ್ಲವೂ ಅರ್ಥವಾಯಿತು. ಒಂದು ಪದ, 'ರೋಗ' ಎಂಬ ಒಂದೇ ಪದ ಬರೆದಿದ್ದರೆ ನಾಲ್ಕು ಜೀಪು ಹೊರಡುತ್ತಿರಲಿಲ್ಲ. ವಿಷಯ ವಿವರಿಸಿದೆ. ಎರಡು ವಾರದ ಹಿಂದೆ ಸಂತೆಯಿಂದ ತಂದ ಒಂದು ಪಡ್ಡೆಕೋಳಿಯೇ ಮೊದಲು ಸತ್ತದ್ದೆಂದು ಸಾಕಮ್ಮ ಹೇಳಿದರು. ನಿನ್ನೆ ನಾನೇ ಕೇಳಬೇಕಿದ್ದ ಪ್ರಶ್ನೆ ಅದು.

ಬೆಂಗಳೂರಿನವರು ಒಮ್ಮೆ ನಕ್ಕರು, ಆಮೇಲೆ ಗಂಭೀರರಾದರು. ಅದೂ ನ್ಯಾಯವೇ. "ಪದ ತಪ್ಪಿದ್ದು ಸರಿ ಡಾಕ್ಟ್ರೇ. ಆದರೆ ಇದು ಹಕ್ಕಿಜ್ವರ ಅಲ್ಲ ಅಂತ ನೀವು ಬರೆದುಕೊಡ್ತೀರಾ?"

ಕಾಗದ ತೆಗೆದುಕೊಂಡು ಬರೆದೆ: 'ಇದೆಯೆಂದು ಹೇಳಲಾಗದು, ಇಲ್ಲವೆಂದೂ ಹೇಳಲಾಗದು.' ಉಪನಿರ್ದೇಶಕರು ಓದಿದರು. "ಇದೇನ್ರೀ, ವರದಿಯೋ ಜಾತಕವೋ?" ಎಂದರು. ಆಮೇಲೆ ನನ್ನನ್ನು ಹುಣಸೆಮರದ ಕೆಳಗೆ ಕರೆದೊಯ್ದು ಮೆಲ್ಲಗೆ ಕೇಳಿದರು: "ನಿಮಗೆ ಹೆದರಿಕೆ ಇರೋದು ಕೋಳಿಗೋ, ಕುರ್ಚಿಗೋ?"

ಸಾಕಮ್ಮ ಜಗಲಿಯಿಂದ ನಮ್ಮನ್ನೇ ನೋಡುತ್ತಿದ್ದರು. ಮಡಿಲಲ್ಲಿ ಒಂದು ಚುಕ್ಕೆ ಹುಂಜ. ಅದರ ಕಾಲು ಕಟ್ಟಿರಲಿಲ್ಲ, ಸುಮ್ಮನೆ ಕೂತಿತ್ತು. "ನನ್ನವ್ವನ ಮನೇದು ಇಷ್ಟೇ ಉಳ್ದಿರಾದು ಸಾ" ಎಂದರು. ಬೇಡಿಕೊಳ್ಳಲಿಲ್ಲ, ತಿಳಿಸಿದರು ಅಷ್ಟೆ.

ಇನ್ನೊಂದು ಕಾಗದ ಕೇಳಿದೆ. 'ಕಂಡ ಲಕ್ಷಣಗಳಂತೆ ಇದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಪ್ರಯೋಗಾಲಯದ ವರದಿ ಬರುವವರೆಗೆ ಊರಿನ ಕೋಳಿಗಳನ್ನು ಕೂಡಿಹಾಕುವುದು. ಕೊಲ್ಲುವ ಅಗತ್ಯ ಈಗಿಲ್ಲ.' ಸಹಿ ಹಾಕಿ ಕಾಗದ ಚಾಚಿದೆ. ಉಪನಿರ್ದೇಶಕರು ಅದರ ಕೆಳಗೆ 'ನಾನೂ ನೋಡಿದ್ದೇನೆ' ಎಂದು ಬರೆದು ತಮ್ಮ ಸಹಿ ಹಾಕಿದರು. ಅವರಿಗೆ ನಿವೃತ್ತಿಗೆ ಐದು ತಿಂಗಳಿತ್ತು. ಎರಡು ಪದದಲ್ಲಿ ನನ್ನ ಹೊರೆಯ ಅರ್ಧವನ್ನು ಹೊತ್ತ ಆ ಮನುಷ್ಯನನ್ನು ನೆನೆಯದೆ ಇವತ್ತಿಗೂ ನಾನು ಯಾವ ವರದಿಗೂ ಸಹಿ ಹಾಕುವುದಿಲ್ಲ. ಬೆಂಗಳೂರಿನವರೂ ಕಾಗದ ಓದಿ ತಲೆಯಾಡಿಸಿದರು. "ಆರು ದಿನ ಕಾಯೋಣ. ಗುಂಡಿ ಮಾತ್ರ ಹಾಗೇ ಇರಲಿ."

ಆ ಆರು ದಿನ ಊರಿನವರು ಮಾಡಿದ್ದನ್ನು ಯಾವ ಸುತ್ತೋಲೆಯೂ ಮಾಡಿಸಲಾರದು. ಎಲ್ಲರೂ ತಮ್ಮ ಕೋಳಿಗಳನ್ನು ಹೊಗೆಸೊಪ್ಪು ಹದಮಾಡುವ ಖಾಲಿ ಬ್ಯಾರನ್ನುಗಳಲ್ಲಿ ಕೂಡಿಹಾಕಿ, ಸರದಿಯ ಮೇಲೆ ನೀರು ಕಾಳು ಹಾಕಿದರು. ಒಂದೇ ಒಂದು ಕೋಳಿ ಬಸ್ಸು ಹತ್ತಲಿಲ್ಲ. ನಾನು ದಿನಕ್ಕೆರಡು ಸಲ ಹೋಗುತ್ತಿದ್ದೆ. "ಡಾಕ್ಟ್ರು ಬಂದ್ರು, ಮಕ ನೋಡಿ ಕೋಳೀಗೆ ಜ್ವರ ಬಂದಾತು ಕಣ್ಲಾ" ಎಂದು ಶಿವಣ್ಣ ಯಾರಿಗೋ ಹೇಳುವುದು ಕೇಳಿಸಿತು. ನನಗೆ ಬೇಸರವಾಗಲಿಲ್ಲ. ಮನೆಯಲ್ಲಿ ನಾನು ಹೊರಗಿನ ಬಚ್ಚಲಿನಲ್ಲಿ ಮೂರು ಸಲ ಸ್ನಾನ ಮಾಡಲು ಹೆಂಡತಿ ನೀರು ಕಾಯಿಸುತ್ತಿದ್ದಳು.

ಏಳನೆಯ ದಿನ ಫ್ಯಾಕ್ಸ್ ಬಂತು. ಹಕ್ಕಿಜ್ವರ ಇಲ್ಲ, ರಾಣಿಖೇತ್. ಕಾಗದ ಮುಗಿಯಲಿಲ್ಲ, ಜೀಪೂ ಕೆಡಲಿಲ್ಲ. ಅಂದೇ ಹೋಗಿ ಉಳಿದ ಕೋಳಿಗಳಿಗೆ ಲಸಿಕೆ ಹಾಕಿದೆವು. ಖಾಲಿ ಗುಂಡಿಗೆ ಊರಿನವರು ಕೊಟ್ಟಿಗೆಯ ಕಸ ತುಂಬಿ ಗೊಬ್ಬರದ ತಿಪ್ಪೆ ಮಾಡಿಕೊಂಡರು.

ಕೆಲಸ ನನಗೆ ಕಲಿಸಿದ್ದು ಇಷ್ಟು: ಜನರ ಮಾತನ್ನು ಯಥಾವತ್ತಾಗಿ ಬರೆಯುವುದೇ ಪ್ರಾಮಾಣಿಕತೆ ಅಲ್ಲ, ಅದು ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯಬೇಕು. ಹೆದರಿದವನು ಇನ್ನೊಂದು ಪ್ರಶ್ನೆ ಕೇಳಬೇಕು, ಇನ್ನೊಂದು ಪಟ್ಟಿ ಮಾಡಬಾರದು. ಎರಡನೆಯದನ್ನು ನಾನು ಇನ್ನೂ ಪೂರ್ತಿ ಕಲಿತಿಲ್ಲ.

ಸಾಕಮ್ಮನಿಗೆ ಫಲಿತಾಂಶವನ್ನು ನಾನೇ ಓದಿ ಹೇಳಿದೆ. ಕೈಗೆ ಮಜ್ಜಿಗೆಯ ಲೋಟ ಕೊಟ್ಟರು. "ನಾ ಅವತ್ತೇ ಏಳ್ನಿಲ್ವಾ ಕೊಕ್ಕರೆ ಅಂತ" ಎಂದರು. ಹೌದು, ಹೇಳಿದ್ದರು. ಆಮೇಲೆ ಹಿತ್ತಲಿಗೆ ಕರೆದೊಯ್ದು ಮೂಲೆಯ ಬುಟ್ಟಿ ಎತ್ತಿ ತೋರಿಸಿದರು. ಹುಲ್ಲಿನ ಮೇಲೆ ಹನ್ನೊಂದು ಮೊಟ್ಟೆ, ಹೇಂಟೆ ಇರಲಿಲ್ಲ.

"ಅವತ್ತು ಕೂಗ್ಕಂಡೆ ಸಾ, ಆ ಮೂಲೆ ಬುಟ್ಟಿ ಎತ್ಬ್ಯಾಡಿ, ಯಾಟೆ ಕಾವು ಕೂತದೆ ಅಂತ. ನೀವು ಎತ್ತೇಬುಟ್ರಿ. ನಿಮ್ಮ ಬಿಳಿ ಬಟ್ಟೆ ಯಾಸ ನೋಡಿ ಎದ್ದಿದ್ದು ತಿರ್ಗಾ ಕೂರ್ನಿಲ್ಲ."

ನಾನು ಒಂದು ಮೊಟ್ಟೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಕ್ಷಮಿಸಿ ಎಂದೆ.

"ಬುಡಿ, ಯಾಟೆ ಐತಲ್ಲ. ಮುಂದಿನ ತಿಂಗಳು ಕೂತ್ಕತ್ತದೆ. ನೀವು ಮಾತ್ರ ಆ ಬಟ್ಟೆ ಹಾಕ್ಕಂಡು ಬರ್ಬ್ಯಾಡಿ."

ಆ ಸಂಜೆ ಡೈರಿ ತೆಗೆದು ಇಪ್ಪತ್ತಮೂರು ಸಂಗತಿಗಳಲ್ಲಿ ಹುಡುಕಿದೆ. ಇರಲಿಲ್ಲ. ಕೆಳಗೆ ಇಪ್ಪತ್ನಾಲ್ಕನೆಯದಾಗಿ ಬರೆದೆ: ಕಾವು ಕೂತ ಹೇಂಟೆ ಎದ್ದು ಹೋಗಬಹುದು.