ಗುಡುಗಣ್ಣ ತಟ್ಟಿದ ಸೀಟು

ಗುಡುಗಣ್ಣನ ಕುಶನ್ ಅಂಗಡಿಯಲ್ಲಿ ಕೂರುವ ಸಾಮಾನಿಗೆ ಕೊರತೆಯಿರಲಿಲ್ಲ, ಕೂರಲು ಮಾತ್ರ ಜಾಗವಿರಲಿಲ್ಲ. ಕಾರಿನ ಸೀಟು, ಬಸ್ಸಿನ ಸೀಟು, ಕಾಲು ಮುರಿದ ಸೋಫಾಗಳೆಲ್ಲ ಬಾಗಿಲವರೆಗೆ ಪೇರಿಕೊಂಡಿದ್ದರಿಂದ ಬಂದ ಗಿರಾಕಿ ನಿಂತೇ ಮಾತಾಡಬೇಕಾಗಿತ್ತು. ವಾರವೆಲ್ಲ ಅವನು ಅಲ್ಲಿ ರೆಕ್ಸಿನ್ ಕತ್ತರಿಸಿ, ನಾರು ತುಂಬಿ, ಹೊಲಿಯುತ್ತಿದ್ದ. ಭಾನುವಾರ ಬಂತೆಂದರೆ ಅವನೇ ಬೇರೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಮೂವರು ಕೂಡಿ ಕಟ್ಟಿದ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುವವನು ಅವನು. ಅವನ ಹೊಡೆತಕ್ಕೆ ಎದುರು ಮನೆಯ ಕಿಟಕಿಯ ಗಾಜು ನಡುಗುತ್ತಿತ್ತು. ಗುಡುಗಣ್ಣನೆಂಬ ಹೆಸರು ಬಂದದ್ದೂ ಆ ಎದುರು ಮನೆಯಿಂದಲೇ.

ತಂಡದಲ್ಲಿ ಹಾಡುವವನು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಒತ್ತಿ ನಿವೃತ್ತನಾದವನು. ಗಿಟಾರಿನವನು ಗುಡುಗಣ್ಣನ ಹೆಂಡತಿಯ ತಮ್ಮ, ಕ್ಷೌರದಂಗಡಿ ಇಟ್ಟವನು. ಒಂದು ಕಾಲಕ್ಕೆ ಮೂವರಿಗೂ ಹೆಗಲವರೆಗೆ ಕೂದಲಿತ್ತು. ಈಗ ಕ್ಷೌರಿಕನಿಗೇ ಬಾಚಣಿಗೆ ಬೇಕಾಗಿರಲಿಲ್ಲ.

ಬಹಳ ವರ್ಷಗಳ ಮೇಲೆ ಹೊಸದೊಂದು ಆಲ್ಬಮ್ ಮಾಡುವ ಹುರುಪು ಅವರಿಗೆ ಬಂತು. ಹಾಡುವವನ ಗಂಟಲು ಮೊದಲಿನಂತೆ ಮೇಲೇರುತ್ತಿರಲಿಲ್ಲ. ಏರದಿದ್ದರೇನು, ಇಳಿಯೋಣ ಎಂದು ಅವನೂ ಗಿಟಾರಿನವನೂ ಕೂತು, ಮೆಲುದನಿಯ ನಿಧಾನದ ಹಾಡುಗಳನ್ನು ಕಟ್ಟಿದರು. ಹಾಡುಗಳೇನೋ ಸೊಗಸಾಗಿದ್ದವು. ಆದರೆ ಡ್ರಮ್ಸ್ ಸೇರಿದೊಡನೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಗುತ್ತಿತ್ತು. ಗುಡುಗಣ್ಣ ಮೆಲ್ಲಗೆ ಬಾರಿಸಲು ನೋಡಿದ. ಪಲ್ಲವಿಯವರೆಗೆ ಕೈ ಮಾತು ಕೇಳುತ್ತಿತ್ತು. ಚರಣಕ್ಕೆ ಬರುವಷ್ಟರಲ್ಲಿ ಗುಡುಗು ಶುರು.

ಕೊನೆಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಆದರೆ ಅದನ್ನು ಗುಡುಗಣ್ಣನಿಗೆ ಹೇಳುವವರು ಯಾರು? ಗಿಟಾರಿನವನು ಉಪಾಯವಾಗಿ ಆ ಹೊರೆಯನ್ನು ಅಕ್ಕನ ತಲೆಗೆ ಕಟ್ಟಿದ. ಅಕ್ಕನಿಗೆ ಸುತ್ತಿ ಬಳಸಿ ಮಾತಾಡುವುದು ಗೊತ್ತಿರಲಿಲ್ಲ. ಊಟಕ್ಕೆ ಬಡಿಸುತ್ತಲೇ ಹೇಳಿದಳು: "ಈ ಸಲ ನಿಮ್ಮ ಡ್ರಮ್ಸ್ ಬೇಡವಂತೆ. ಕಂಪ್ಯೂಟರಲ್ಲೇ ತಾಳ ಹಾಕ್ತಾರಂತೆ."

ಗುಡುಗಣ್ಣ ತಟ್ಟೆ ಸರಿಸಿದ. "ಹಾಕ್ಲಿ ಬಿಡು. ಕಂಪ್ಯೂಟರ್ ಆದ್ರೆ ನಿನ್ನ ತಮ್ಮನ ಜೊತೆ ಜಗಳ ಆಡೋದಿಲ್ಲ," ಎಂದು ಅರ್ಧ ಊಟಕ್ಕೇ ಎದ್ದ. ತಂಡವಿಲ್ಲದ ಭಾನುವಾರವನ್ನು ಮೀಸೆ ಬಂದಂದಿನಿಂದ ಅವನು ಕಂಡವನಲ್ಲ.

ಮರುದಿನ ಅಂಗಡಿಯಲ್ಲಿ ಒಂದು ವ್ಯಾನಿನ ಹಿಂದಿನ ಸೀಟಿಗೆ ನಾರು ತುಂಬಿ ಮುಗಿಸಿದ. ತುಂಬಿದ ಮೇಲೆ ಅಂಗೈಯಿಂದ ಉದ್ದಕ್ಕೂ ತಟ್ಟಿ ನೋಡುವುದು ಅವನ ಪದ್ಧತಿ. ಗಟ್ಟಿಯಾದಲ್ಲಿ ಒಂದು ಸದ್ದು, ಪೊಳ್ಳಿದ್ದಲ್ಲಿ ಇನ್ನೊಂದು, ಸ್ಪ್ರಿಂಗಿನ ಮೇಲೆ ಮತ್ತೊಂದು. ಅಂದು ಅವನ ತಲೆಯಲ್ಲಿ ಆ ಹೊಸ ಹಾಡೇ ಸುಳಿಯುತ್ತಿತ್ತು. ಕೈಗಳು ತಾವಾಗಿಯೇ ಅದರ ಹಿಂದೆ ನಡೆದವು. ಚಹಾ ತಂದ ಹೆಂಡತಿ ಲೋಟ ಹಿಡಿದು ಹಾಗೆಯೇ ನಿಂತಳು. ಯಾಕೆ ನಿಂತೆ ಎಂದು ಅವನು ಕೇಳಿದ.

"ನಿಮ್ಮ ಡ್ರಮ್ಸ್ ಶುರುವಾದ್ರೆ ಎದ್ದು ಹೋಗೋಣ ಅನ್ನಿಸ್ತಿತ್ತು. ಇದನ್ನ ಕೇಳಿದ್ರೆ ಕೂತ್ಕೊಳ್ಳೋಣ ಅನ್ನಿಸುತ್ತೆ," ಎಂದಳು. "ಈ ಅಂಗಡೀಲಿ ಕೂರೋಕೆ ಜಾಗ ಎಲ್ಲಿದೆ?"

ಗುಡುಗಣ್ಣ ಚಹಾ ಕುಡಿಯಲಿಲ್ಲ. ಸೀಟನ್ನು ತಲೆಯ ಮೇಲೆ ಹೊತ್ತು, ಅವರಿಬ್ಬರೂ ಹಾಡು ಮುದ್ರಿಸುತ್ತಿದ್ದ ಸ್ಟುಡಿಯೋಗೆ ನೇರವಾಗಿ ನಡೆದ. ಕಾವಲಿನವನು ಒಳಗೆ ಬೇಕಾದಷ್ಟು ಕುರ್ಚಿಗಳಿವೆ ಎಂದು ತಡೆದದ್ದೂ ಆಯಿತು, ಇದು ಕೂರುವುದಕ್ಕಲ್ಲ ಎಂದು ಇವನು ನುಗ್ಗಿದ್ದೂ ಆಯಿತು. ಬಾಗಿಲಲ್ಲಿ ಸೀಟು ಕಂಡು ಗಿಟಾರಿನವನ ಮುಖ ಸಣ್ಣದಾಯಿತು.

"ಭಾವ, ಇದೇನಿದು?"

"ಡ್ರಮ್ಸ್ ಬೇಡ ಅಂದ್ಯಲ್ಲ, ತಂದಿಲ್ಲ. ಒಂದು ಹಾಡು ನುಡಿಸು. ಹೊಂದ್ಲಿಲ್ಲ ಅಂದ್ರೆ ಸೀಟೂ ನಾನೂ ವಾಪಸ್ ಹೋಗ್ತೀವಿ."

ಸೀಟಿನ ಪಕ್ಕ ಮೈಕ್ ಇಟ್ಟರು. ಗಿಟಾರು ಮೊದಲಾಯಿತು. ಗುಡುಗಣ್ಣ ನೆಲದಲ್ಲಿ ಕೂತು ಕಣ್ಣು ಮುಚ್ಚಿ ತಟ್ಟಿದ. ಪಲ್ಲವಿ ಕಳೆಯಿತು, ಚರಣ ಬಂತು. ಎಷ್ಟು ಹುರುಪಾದರೂ ಆಗಲಿ, ನಾರು ಅವನ ಗುಡುಗನ್ನು ನುಂಗಿಕೊಂಡು, ಎದೆಬಡಿತದಂಥ ಸದ್ದನ್ನಷ್ಟೇ ಹೊರಗೆ ಬಿಡುತ್ತಿತ್ತು. ಹಾಡು ಮುಗಿದಾಗ ಸ್ಟುಡಿಯೋದವನು ಯಾರನ್ನೂ ಕೇಳದೆ ಕಂಪ್ಯೂಟರಿನ ತಾಳವನ್ನು ಅಳಿಸಿದ.

"ನಿನ್ನ ಪಕ್ಕ ನಿಂತು ನನ್ನ ದನಿ ನನಗೇ ಕೇಳಿಸಿದ್ದು ಇವತ್ತೇ ಕಣೋ," ಎಂದ ಹಾಡುವವನು.

"ಆವಾಗ್ಲೇ ಕೇಳಿಸಿದ್ರೆ ನೀನು ಹಾಡೋದನ್ನೇ ಬಿಟ್ಟಿರ್ತಿದ್ದೆ. ನಾನೇ ನಿನ್ನ ಮಾನ ಕಾಪಾಡಿದ್ದು," ಎಂದ ಗುಡುಗಣ್ಣ.

ಇನ್ನು ಸೀಟನ್ನು ಇಲ್ಲಿಯೇ ಬಿಡು ಎಂದು ಇಬ್ಬರೂ ಹೇಳಿದರು. ಆಗ ಗುಡುಗಣ್ಣನಿಗೆ ಜ್ಞಾನೋದಯವಾಯಿತು. ಸೀಟು ತನ್ನದಲ್ಲ, ಗಿರಾಕಿಯದು, ಸಂಜೆಗೇ ಕೊಡಬೇಕು. ಬೇರೆ ಸೀಟು ತಟ್ಟಿದರೆ ಆಯಿತಲ್ಲ ಎಂದು ಸ್ಟುಡಿಯೋದ ಸೋಫಾ ತಟ್ಟಿ ನೋಡಿದರು. ಒದ್ದೆ ಮೂಟೆಯಂತೆ ಮೊದ್ದು ಸದ್ದು ಬಂತು. ಅಂಗಡಿಯಲ್ಲಿದ್ದವಕ್ಕೆ ಇನ್ನೂ ನಾರು ತುಂಬಿರಲಿಲ್ಲ. ಸರಿ, ಮೂವರೂ ಕೂಡಿ ವ್ಯಾನಿನವನ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು.

ಅವನು ಎಲ್ಲವನ್ನೂ ಸಾವಧಾನವಾಗಿ ಕೇಳಿದ. "ಹೇಳಿದ ದಿನ ಸೀಟು ಕೊಡೋದಿಲ್ಲ ಅಂತ ಗೊತ್ತಿತ್ತು. ನೆಪ ಮಾತ್ರ ಹೊಸದು," ಎಂದ. ಆದರೂ ಆಲ್ಬಮ್ ಮುಗಿಯುವವರೆಗೆ ಅವರೇ ಇಟ್ಟುಕೊಳ್ಳಲಿ ಎಂದು ಒಪ್ಪಿದ. ದಿನಾ ಬಂದು ಕೇಳುವ ಹಕ್ಕು ಮಾತ್ರ ತನ್ನದೆಂದ. ಹಾಗೆಯೇ ದಿನವೂ ಬಂದು ಮೂಲೆಯಲ್ಲಿ ಕೂತು, ಹಾಡು ಮುಗಿದಾಗಲೆಲ್ಲ ತನ್ನ ಸೀಟನ್ನು ಹೊಗಳುತ್ತಿದ್ದ.

ಕೊನೆಯ ಹಾಡಾದ ದಿನ ಗುಡುಗಣ್ಣನೇ ಸೀಟನ್ನು ವ್ಯಾನಿನಲ್ಲಿ ಕೂರಿಸಿ ತಿರುಪು ಬಿಗಿದ. ಮೊದಲ ಸವಾರಿ ನಿಮ್ಮದೇ ಎಂದು ವ್ಯಾನಿನವನು ಮೂವರನ್ನೂ ಹತ್ತಿಸಿಕೊಂಡ. ಆ ಕಡೆ ಹಾಡುವವನು, ಈ ಕಡೆ ಗಿಟಾರಿನವನು, ನಡುವೆ ಗುಡುಗಣ್ಣ. ತಿರುವು ದಾಟುವ ಮೊದಲೇ ಹಾಡುವವನು ಮುಂದಿನ ಆಲ್ಬಮ್ಮಿನ ಮಾತು ತೆಗೆದ.

"ಅದಕ್ಕೆ ಬಸ್ಸಿನ ಸೀಟು ನೋಡೋಣ," ಎಂದ ಗುಡುಗಣ್ಣ.