ಸಾಕಮ್ಮ ಅತ್ತ ಕ್ಯಾಸೆಟ್ಟು

ಇವತ್ತು ಬೆಳಿಗ್ಗೆ ಗುಂಡ್ಲುಪೇಟೆಯ ನನ್ನ ಸ್ಟುಡಿಯೋದ ಬಾಗಿಲು ತೆರೆಯುವಾಗ ಚೆಂಡುಹೂವಿನ ಲಾರಿಯೊಂದು ಎದುರಿಗೇ ಕೆಟ್ಟು ನಿಂತಿತ್ತು. ಡ್ರೈವರ್ ಇಂಜಿನ್ನಿಗೆ ತಲೆ ಹಾಕಿಕೊಂಡು ಅದನ್ನು ಮಲಯಾಳದಲ್ಲಿ ಬೈಯುತ್ತಿದ್ದ. ಚೆಂಡುಹೂವನ್ನು ನೀವು ಹಾರದಲ್ಲಿ ಮಾತ್ರ ಮೂಸಿದ್ದರೆ ಅದರ ವಾಸನೆ ನಿಮಗೆ ಪೂರ್ತಿ ಗೊತ್ತಿಲ್ಲ. ಒಂದು ಲಾರಿ ಹೂ ಒಟ್ಟಿಗೆ ಬಿಸಿಲಲ್ಲಿ ಕಾದರೆ ಹೂವಿನ ವಾಸನೆ ಹೋಗಿ ಸೊಪ್ಪು ಜಜ್ಜಿದ ವಾಸನೆ ಬರುತ್ತದೆ. ಗಂಟಲಲ್ಲಿ ಕಹಿಯಾಗಿ ಕೂರುತ್ತದೆ. ನಾನು ಒಳಗೆ ಬಂದು ಬೀರು ತೆರೆದು ಒಂದು ಸಣ್ಣ ಕ್ಯಾಸೆಟ್ಟನ್ನು ಹೊರಗೆ ತೆಗೆದೆ. ತೆಗೆದು ಬಹಳ ದಿನವಾಗಿತ್ತು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತದೆ, ಆಗಾಗ ಓಡಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ನಾನು ಮದುವೆ ವಿಡಿಯೋದವನು. ಈ ತಾಲ್ಲೂಕಿನಲ್ಲಿ ಎಷ್ಟೋ ಗಂಡುಹೆಣ್ಣುಗಳನ್ನು ಕಮಲದ ಹೂವಿನೊಳಗಿಂದ ಹುಟ್ಟಿಸಿದ್ದೇನೆ, ಮೋಡಗಳ ಮೇಲೆ ಕೂರಿಸಿದ್ದೇನೆ. ಬೇಗೂರಿನ ಒಬ್ಬ ಮದುಮಗನನ್ನು ಹಿಮಾಲಯದಲ್ಲಿ ನಿಲ್ಲಿಸಿದ್ದಕ್ಕೆ ಅವನ ಮಾವ ಒಂದು ಸ್ವೆಟರನ್ನಾದರೂ ಹಾಕಿಸಬಾರದಿತ್ತೇ ಎಂದು ಕೇಳಿದ್ದರು. ಕಲೆಯ ವಿಷಯದಲ್ಲಿ ನನ್ನ ಅರ್ಹತೆ ಇಷ್ಟೇ. ಆದ್ದರಿಂದ ಪುಟ್ಟಮಣಿಯ ಬಗ್ಗೆ ಹೇಳುವಾಗ ನಾನು ಕಣ್ಣಾರೆ ಕಂಡದ್ದನ್ನು, ಅವಳ ಬಾಯಿಂದಲೇ ಕೇಳಿದ್ದನ್ನು ಮಾತ್ರ ಹೇಳುತ್ತೇನೆ.

ಅವಳು ಭೀಮನಬೀಡಿನವಳು. ತಾಯಿ ಸಾಕಮ್ಮ ಚೆಂಡುಹೂ ಕೀಳುವ ಕೂಲಿಗೆ ಹೋಗುತ್ತಿದ್ದಳು. ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದ ಮಗಳು ರಜೆಗೆ ಬಂದವಳು ಒಂದು ದಿನ ನನ್ನ ಅಂಗಡಿಗೆ ಬಂದಳು.

"ಅಣ್ಣ, ಒಂದು ಬೆಳಿಗ್ಗೆ ಕ್ಯಾಮೆರಾ ಬೇಕು. ನೀವೂ ಬೇಕು."

"ಯಾರ ಮದ್ವೆ?"

"ಮದ್ವೆ ಅಲ್ಲ ಕಣಣ್ಣ. ಹೂವಿನ ರಾಶಿ ಮೇಲೆ ನಾನು ಮಲಗ್ತೀನಿ. ಕ್ಯಾಸೆಟ್ ಮುಗಿಯೋಗಂಟ ನೀವು ಸುಮ್ನೆ ತೆಗೀಬೇಕು."

"ಆಮೇಲೆ ಏನಾಯ್ತದೆ?"

"ಏನೂ ಆಗಲ್ಲ."

ಏನೂ ಆಗದ್ದನ್ನು ಯಾರು ನೋಡುತ್ತಾರೆ ಎಂದು ಕೇಳಿದೆ. ಅವ್ವ ಬಗ್ಗಿ ಬಗ್ಗಿ ಕಿತ್ತ ಹೂವಿನ ಮೇಲೆ ಒಬ್ಬರಾದರೂ ಮೈ ಚಾಚಬೇಕು, ಅದಷ್ಟೇ, ಎಂದಳು. ನನಗೆ ಅರ್ಥವಾಗಲಿಲ್ಲ. ಮರುದಿನ ಹೋದೆ.

ಹೊಲದ ಬದುವಿನ ಹತ್ತಿರ ಹೂವಿನ ರಾಶಿ ಇತ್ತು. ಕೀಳುವ ಹೆಂಗಸರು ಆಚೆ ತುದಿಯಲ್ಲಿದ್ದರು. ನಾನು ದೂರದ ಹುಣಸೆಮರದ ನೆರಳಿನಲ್ಲಿ ಸ್ಟ್ಯಾಂಡು ನಿಲ್ಲಿಸಿದೆ. ಅವಳು ಬಿಳಿ ಸೀರೆ ಉಟ್ಟುಕೊಂಡು ರಾಶಿಯ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಬಹಳ ಹೊತ್ತು ಅವಳು ಹೇಳಿದಂತೆಯೇ ಏನೂ ಆಗಲಿಲ್ಲ.

ನಮ್ಮ ಕಡೆ ದೇವರಿಗೆ ಏರಿಸುವುದೂ, ಹೆಣಕ್ಕೆ ಹಾಕುವುದೂ ಇದೇ ಹೂವನ್ನು. ಚೀಲ ಸುರಿಯಲು ಮೊದಲು ಬಂದ ಹೆಂಗಸು ಅವಳನ್ನು ನೋಡಿ ಕಿರುಚಿದಳು. ಉಳಿದವರು ಓಡಿ ಬಂದರು. ಕೊನೆಗೆ ಬಂದ ಸಾಕಮ್ಮ ತಲೆಯ ಮೇಲಿನ ಚೀಲವನ್ನು ಅಲ್ಲೇ ಬಿಟ್ಟು ಮಗಳ ಕಾಲ ಹತ್ತಿರ ಕುಸಿದಳು. "ಏನ್ಮಾಡ್ಕಬುಟ್ಟೆ ನನ್ ಮಗಳೆ, ಬೆಳಗೆ ಮುದ್ದೆ ಬ್ಯಾಡ ಅಂದ್ಯಲ್ಲಮ್ಮಿ, ನಾನ್ ಬೈದ್ಬುಟ್ನಲ್ಲಮ್ಮಿ, ಏಳಮ್ಮಿ, ನನ್ ಚಿನ್ನ, ಏಳಮ್ಮಿ..." ಅವಳು ಎದೆ ಎದೆ ಬಡಿದುಕೊಂಡು ಅತ್ತಳು. ಹೆಣ್ಣು ಒಪ್ಪಿಸುವಾಗ ತಾಯಿ ಅತ್ತರೆ ಜೂಮ್ ಒತ್ತಿ ಮೆಲ್ಲಗೆ ಅವಳ ಮುಖವನ್ನು ಹತ್ತಿರ ತರುವುದು ನಮ್ಮ ಕಸುಬಿನ ರೂಢಿ. ನನ್ನ ಬೆರಳು ರೂಢಿಯಂತೆ ನಡೆಯಿತು. ಆ ಮುಖ ಪರದೆಯ ತುಂಬ ಬಂತು. ಆಗಲೇ ಕ್ಯಾಸೆಟ್ಟು ಮುಗಿಯಿತು.

ಅದಾದ ಮೇಲೆ ಪುಟ್ಟಮಣಿ ಎದ್ದಳು. ಕ್ಯಾಸೆಟ್ಟು ನಿಂತ ಸದ್ದು ಅಷ್ಟು ದೂರ ಅವಳಿಗೆ ಕೇಳಿಸಿರಲು ಸಾಧ್ಯವಿಲ್ಲ. ಆದರೆ ಅವಳು ಎದ್ದದ್ದು ಅದಾದ ಮೇಲೆ. "ಇಲ್ಲೇ ಇವ್ನಿ ಕಣವ್ವ, ಎದ್ದೆ ಕಣವ್ವ" ಎಂದು ತಾಯಿಯ ಕೈ ಹಿಡಿದಳು. ಸಾಕಮ್ಮ ಅವಳ ಕೆನ್ನೆಗೆ ಬಲವಾಗಿ ಹೊಡೆದು, ಅದೇ ಕೈಯಿಂದ ತಬ್ಬಿಕೊಂಡಳು. ಗುಂಪಿನಲ್ಲಿದ್ದ ಚಿಕ್ಕತಾಯಮ್ಮ ಎಂಬ ಮುದುಕಿ ಕಣ್ಣೊರೆಸಿಕೊಂಡು ನಕ್ಕಳು: "ಅಳ್ಬ್ಯಾಡ ಬುಡು ಸಾಕಮ್ಮಿ, ಕಾಗೆ ದೋಸ ಇದ್ರೆ ಇವತ್ತೇ ಓಯ್ತು. ನಿನ್ ಮಗಳು ನಮ್ಮನ್ನೆಲ್ಲ ಊತಾಕೇ ಓಗದು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಗೆ ತಲೆಗೆ ಬಡಿದರೆ ಸಾವಿನ ಸೂಚನೆ ಎಂದು ನಮ್ಮಲ್ಲಿ ನಂಬುತ್ತಾರೆ. ಅದಕ್ಕೆ ಪರಿಹಾರವೂ ಇದೆ. ಆ ಮನುಷ್ಯ ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ನಿಜವಾಗಿಯೂ ಅಳಬೇಕು. ಅತ್ತ ಕೂಡಲೇ ಬದುಕಿದ್ದಾನೆ ಎಂದು ತಿಳಿಸಬೇಕು. ಆಗ ಸಾವು ತನ್ನ ಪಾಲು ಸಂದಿತು ಎಂದುಕೊಂಡು ಹೊರಟುಹೋಗುತ್ತದೆ.

ಆ ವಿಡಿಯೋವನ್ನು ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಆರಿಸಿದರು. ಹೊರಡುವ ಮುಂಚೆ ಸಾಕಮ್ಮ ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದು, ಅದನ್ನು ಟಿವಿಯಲ್ಲಿ ಹಾಕಿಸಿ ಪೂರ್ತಿ ನೋಡಿದಳು.

"ಇದ ಎಷ್ಟ್ ಸಲ ತೋರುಸ್ತರಪ್ಪ ಅಲ್ಲಿ?"

"ಮುಗಿದ ಕೂಡ್ಲೇ ಮತ್ತೆ ಮೊದಲಿಂದ ಬರೋ ಹಂಗೆ ಮಾಡ್ತಾರೆ ಅಕ್ಕ. ದಿನಪೂರ್ತಿ."

ಸಾಕಮ್ಮ ಮತ್ತೆ ಟಿವಿಯ ಕಡೆ ತಿರುಗಿದಳು. ಟಿವಿ ಆರಿತ್ತು.

"ನಾನ್ ಅತ್ತುದ್ದು ಒಂದ್ ಸಲಕ್ಕೆ. ಇದ್ರಲ್ಲಿ ಇವಳು ಏಳದೇ ಇಲ್ವಲ್ಲ. ನಾನು ದಿನಾ ಅತ್ಕಂಡೇ ಇದ್ರೆ, ಇವಳು ದಿನಾ ಮಲಗೇ ಇದ್ರೆ, ಅದು ನಿಜವಾಗೋಯ್ತದೆ ಕಣಪ್ಪ."

"ಅವ್ವ, ಅದು ಬರೀ ವಿಡಿಯೋ."

"ಬರೀದಾದ್ರೆ ಯಾಕ್ ತಕ್ಕೋಯ್ತೀಯೆ? ತಕ್ಕೋಗು, ಬ್ಯಾಡ ಅನ್ನಕಿಲ್ಲ. ನಾನ್ ಅತ್ತಾಗೆಲ್ಲ ನೀನ್ ಅಲ್ಲಿರ್ಬೇಕು. ಎದ್ದು ಇಲ್ಲೇ ಇವ್ನಿ ಅನ್ಬೇಕು. ಆಣೆ ಮಾಡು."

ಪುಟ್ಟಮಣಿ ಅವ್ವನ ತಲೆ ಮುಟ್ಟಿ ಆಣೆ ಮಾಡಿದಳು. ಅವಳು ಮುಂದೆ ಬೆಳೆದ ಹಾದಿಯೆಲ್ಲ ಆ ಆಣೆಯಿಂದ ಹೊರಟಿತು ಎಂದರೆ ಉತ್ಪ್ರೇಕ್ಷೆಯಲ್ಲ. ವಿಡಿಯೋ ಮಾಡಹೊರಟವಳು ವಿಡಿಯೋದ ಮುಂದೆ ತಾನೇ ಮಲಗಬೇಕಾಯಿತು. ಪರದೆಯ ಕೆಳಗೆ ಚೆಂಡುಹೂವಿನ ರಾಶಿ. ಅದರ ಮೇಲೆ ಅವಳು. ಅಳು ಮುಗಿಯುವಷ್ಟರಲ್ಲಿ ಎದ್ದು ಆ ಒಂದು ಮಾತು. ಡೆಲ್ಲಿ, ಕೊಚ್ಚಿ, ಆಮೇಲೆ ಹೊರದೇಶಗಳು. ದೇಹವೂ ಬಿಂಬವೂ ಎದುರುಬದುರಾಗುತ್ತವೆ ಎಂದು ಪತ್ರಿಕೆಗಳು ಬರೆದವು. ಅವ್ವ ಹೇಳಿದ್ದಕ್ಕೆ ಮಾಡುತ್ತೇನೆ ಎಂದು ಇವಳು ಹೇಳಿದರೆ, ಅದಕ್ಕೂ ಒಂದು ಸಿದ್ಧಾಂತ ಹೊಸೆದರು. ಹೂವಿನ ಚೀಲಗಳಿಂದ ಅವಳು ಇನ್ನೊಂದು ಪ್ರದರ್ಶನಕ್ಕೆ ಕಟ್ಟಿದ ಕತ್ತಲೆ ಕೋಣೆ ಇದಕ್ಕಿಂತ ದೊಡ್ಡ ಕೆಲಸ ಎಂದು ನನಗನಿಸುತ್ತದೆ. ಆದರೆ ಜನ ಕೇಳುತ್ತಿದ್ದದ್ದು ಇದನ್ನೇ. ಒಂದು ದೊಡ್ಡ ಮ್ಯೂಸಿಯಂನವರು ಕೊಳ್ಳಲು ಬಂದರು. ಏಳುವುದಕ್ಕೆ ಯಾರಾದರೊಬ್ಬ ನಟಿಯನ್ನು ಇಟ್ಟುಕೊಳ್ಳುತ್ತೇವೆ ಎಂದರು. ಅವಳು ಒಪ್ಪಲಿಲ್ಲ. ಜ್ವರ ಬಂದ ದಿನ ಪರದೆಯನ್ನೇ ಆಫ್ ಮಾಡಿಸಿದಳು. ಎಲ್ಲೇ ಇರಲಿ, ಪ್ರದರ್ಶನದ ದಿನ ಸಂಜೆ ಭೀಮನಬೀಡಿನಿಂದ ಫೋನು ಬರುತ್ತಿತ್ತು.

"ಎದ್ಯಾ?"

"ಎದ್ದೆ ಕಣವ್ವ."

"ಉಂಡ್ಯಾ?"

ಹೋದ ವರ್ಷ ಸಾಕಮ್ಮ ತೀರಿಕೊಂಡಳು. ಕೆಲವು ತಿಂಗಳ ಮೇಲೆ ಚಾಮರಾಜನಗರದ ಒಂದು ಸಭಾಂಗಣದಲ್ಲಿ ಪುಟ್ಟಮಣಿ ಅದೇ ವಿಡಿಯೋ ತೋರಿಸಿದಳು. ಈ ಜಿಲ್ಲೆಯಲ್ಲಿ ಅದೇ ಮೊದಲ ಸಲ. ಹೂ ಕೀಳುವವರೆಲ್ಲ ಟೆಂಪೋ ಮಾಡಿಕೊಂಡು ಬಂದಿದ್ದರು. ಪರದೆಯ ಮೇಲೆ ಸಾಕಮ್ಮ ಬಂದಾಗ ಅವರ ಗುಸುಗುಸು ನಿಂತಿತು. ಅಳು ಮೇಲೇರಿತು, ಮುಖ ಹತ್ತಿರವಾಯಿತು, ಪರದೆ ಕಪ್ಪಾಯಿತು. ಪುಟ್ಟಮಣಿ ಏಳಲಿಲ್ಲ. ಮತ್ತೆ ಮೊದಲಿನಿಂದ ಹೊಲ ಬಂತು, ಮತ್ತೆ ಸಾಕಮ್ಮ ಬಂದಳು. ಆಗಲೂ ಅವಳು ಏಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಅವಳ ರೆಪ್ಪೆ ಒದ್ದೆಯಾಗಿತ್ತು, ಹೊಟ್ಟೆ ಏರಿಳಿಯುತ್ತಿತ್ತು. ಕಲಾಕೃತಿಯೇ ಹೀಗಿರಬಹುದು ಎಂದು ಸಂಘಟಕರು ಗಂಭೀರವಾಗಿ ನಿಂತಿದ್ದರು.

ಚಿಕ್ಕತಾಯಮ್ಮ ಕೋಲೂರಿಕೊಂಡು ಎದ್ದಳು. "ಯಾಕಮ್ಮಿ ಇಂಗ್ ಮಾಡೀಯೆ? ನಿಮ್ಮವ್ವ ಅಲ್ಲಿ ಬಡ್ಕತಾವ್ಳೆ, ಕಾಣ್ದೇ? ಏಳು!"

"ಯಾರಿಗ್ ಹೇಳ್ಲಿ ಅತ್ತೆ?" ಪುಟ್ಟಮಣಿ ಕಣ್ಣು ತೆರೆಯದೆಯೇ ಕೇಳಿದಳು.

"ಅತ್ತವಳಿಗೇಯ. ಇನ್ಯಾರ್ಗೆ?"

ಪುಟ್ಟಮಣಿ ಎದ್ದಳು. ಪರದೆಯ ಕಡೆ ತಿರುಗಿ ಹೇಳಬೇಕಾದ ಮಾತು ಹೇಳಿದಳು. ಧ್ವನಿ ನನಗೇ ಸರಿಯಾಗಿ ಕೇಳಲಿಲ್ಲ. ಹೊರಡುವಾಗ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟಳು. "ಬೇರೆ ಕಾಪಿ ಎಲ್ಲ ಅಳಿಸಿದೀನಿ ಅಣ್ಣ. ಇದನ್ನ ಅಳ್ಸಕ್ಕೆ ಕೈ ಬರಲ್ಲ. ನೀವೇ ಇಟ್ಕಳಿ."

ಈಗ ಅವಳು ಪುಣಜನೂರಿನ ಕಡೆ, ಕಾಡಂಚಿನಲ್ಲಿ, ಹೊಸ ಕಲಾಕೃತಿಯೊಂದರಲ್ಲಿ ತೊಡಗಿದ್ದಾಳೆ. ಅದರಲ್ಲಿ ಅವಳು ಮಲಗುವುದಿಲ್ಲವಂತೆ.

ಬೂಷ್ಟು ಹಿಡಿದಿರಲಿಲ್ಲ. ಹಳೆಯ ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿ ಓಡಿಸಿದೆ. ಬಿಸಿಲು, ಹೂವು, ಅಲುಗದ ಹುಡುಗಿ. ಹೊರಗಿನ ಲಾರಿಯ ವಾಸನೆ ಪರದೆಯಿಂದಲೇ ಬರುವಂತಿತ್ತು. ಸಾಕಮ್ಮ ಬಂದು ಕುಸಿದಾಗ ನಿಲ್ಲಿಸೋಣವೆಂದು ಕೈ ಚಾಚಿದೆ. ಅವಳನ್ನು ಅಳುವಿನ ನಡುವೆ ತಡೆಯಲು ಮನಸ್ಸಾಗಲಿಲ್ಲ. ಮುಖ ಹತ್ತಿರ ಬಂತು. ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಅವಳು ಎದ್ಲು ಕಣಕ್ಕ," ಎಂದೆ. "ಇಲ್ಲೇ ಅವ್ಳೆ. ಚೆನ್ನಾಗವ್ಳೆ."

ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಪಕ್ಕದ ಅಂಗಡಿಯ ಟೈಲರು ಕೊರಳಲ್ಲಿ ಟೇಪು ಹಾಕಿಕೊಂಡೇ ಇಣುಕಿದ. "ಯಾರ್ ಸಾ? ಯಾರ್ ಚೆನ್ನಾಗವ್ರೆ?"

"ಪುಟ್ಟಮಣಿ," ಎಂದೆ. ಆಮೇಲೆ, ಹೇಳಿದ್ದು ನಿಜವೇ ಎಂದು ತಿಳಿಯಲು ಅವಳಿಗೆ ಫೋನು ಮಾಡಿ, ಊಟ ಆಯಿತೇ ಎಂದು ಕೇಳಿದೆ.