ಕಾಡುಕೋಣದ ಬೇಟೆಗೆ ಯಾರನ್ನು ನಂಬುವುದು

ಲೆಂಪಿಗೆ ಹೆದರಿಕೆ ಹೊಸದಲ್ಲ. ಅಪ್ಪ ಕಬ್ಬಿಣದ ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಹೊತ್ತಲ್ಲದ ಹೊತ್ತಿಗೆ ಗಣಿಯ ಸೈರನ್ ಕೂಗಿದರೆ ಅಮ್ಮ ಕೈಗಂಟಿದ ಹಿಟ್ಟನ್ನೂ ತೊಳೆಯದೆ ಬೀದಿಗೆ ಓಡುತ್ತಿದ್ದಳು. ಆ ಹಿಟ್ಟಿನ ಕೈಯನ್ನು ಹಿಡಿದುಕೊಂಡೇ ಓಡಿ ಬೆಳೆದವಳು ಲೆಂಪಿ. ದೊಡ್ಡವಳಾದ ಮೇಲೆ, ಮಿಷಿಗನ್ನಿನ ಉತ್ತರದ ತುದಿಯಲ್ಲಿರುವ ಅದೇ ಊರಿನಲ್ಲಿ ತಲೆ ನೆರೆತ ಮೇಲೂ ಬಿಡದೆ ಶಾಲೆಯ ಬಸ್ಸು ಓಡಿಸುತ್ತಾ ಬಂದಳು. ಮಂಜುಗಡ್ಡೆಯ ಮೇಲೆ ಬಸ್ಸು ಅಡ್ಡಡ್ಡ ಜಾರಿದಾಗಲೂ ಮಕ್ಕಳ ಕಡೆ ತಿರುಗಿ ನಗುತ್ತಿದ್ದಳಂತೆ, ಅದಕ್ಕೇ ಊರವರು ಅವಳನ್ನು ಗಟ್ಟಿಗಿತ್ತಿ ಎನ್ನುತ್ತಿದ್ದರು. ಊರವರಿಗೇನು ಗೊತ್ತು? ಮನೆಗೆ ಬಂದು ಬೂಟು ಬಿಚ್ಚಲು ಕೂತರೆ ಲೇಸು ಹಿಡಿಯಲಾರದಷ್ಟು ಕೈ ನಡುಗುತ್ತಿತ್ತು.

ಈ ಸಲದ ಚಳಿಗಾಲದಲ್ಲಿ ಹೆದರಿಕೆ ಗಂಡನ ರೂಪದಲ್ಲೇ ಮನೆಯೊಳಗೆ ಬಂದು ಕೂತಿತು. ಅರ್ವೊ ಜೀವಮಾನವೆಲ್ಲ ಕಾಡಿನಲ್ಲಿ ಮರ ಕೊಯ್ದವನು, ರಜೆ ಸಿಕ್ಕಿದರೆ ಅದೇ ಕಾಡಿನಲ್ಲಿ ಬಿಲ್ಲು ಹಿಡಿದು ಜಿಂಕೆಗೆ ಕಾದು ಕೂತವನು. ಊರಿನ ಬಿಲ್ಲುಗಾರರ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಕೆಲಸದಿಂದ ನಿವೃತ್ತಿಯಾದ ಸದಸ್ಯ ವರ್ಷದ ಊಟದ ದಿನ ಎದ್ದು ನಿಂತು ತಾನು ಇನ್ನು ಮುಂದೆ ಆಡಲಿರುವ ದೊಡ್ಡ ಬೇಟೆ ಯಾವುದೆಂದು ಎಲ್ಲರೆದುರು ಹೇಳಬೇಕು. ಸಾಮಾನ್ಯವಾಗಿ ಕರಡಿ ಅನ್ನುತ್ತಾರೆ, ಕೆನಡಾದ ಕಡವೆ ಅನ್ನುತ್ತಾರೆ. ಆಗಷ್ಟೇ ನಿವೃತ್ತನಾಗಿದ್ದ ಅರ್ವೊ ಎದ್ದಾಗ ಪಕ್ಕದವನೊಬ್ಬ, "ನಿಂದೇನಪ್ಪಾ, ಮೊಲಾನಾ?" ಎಂದು ಕಿಚಾಯಿಸಿದ. ಹೊಟ್ಟೆಯಲ್ಲಿ ಬೀರು ಬೇರೆ ಇತ್ತು. ಅರ್ವೊ, "ಆಫ್ರಿಕಾದ ಕಾಡುಕೋಣ!" ಅಂದುಬಿಟ್ಟ. ಮೇಜುಗಳು ಅದುರುವ ಹಾಗೆ ಚಪ್ಪಾಳೆ ಬಿತ್ತು. ಮರುದಿನವೇ ಕ್ಲಬ್ಬಿನ ಗೋಡೆಯಲ್ಲಿ ಆ ಕೊಂಬುಗಳಿಗೆಂದು ಜಾಗ ಬಿಡಿಸಿ ಮೊಳೆಯನ್ನೂ ಹೊಡೆದರು. ಆಡಿದ ಮಾತನ್ನು ಅದಾದ ಮೇಲೆ ನುಂಗಿಕೊಳ್ಳುವ ಗಂಡಸು ಆ ಊರಿನಲ್ಲಿ ಹುಟ್ಟಿಲ್ಲ.

ಆಫ್ರಿಕಾಕ್ಕೆ ಹೋಗಿ ಸುಮ್ಮನೆ ಕಾಡಿಗೆ ನುಗ್ಗುವಂತಿಲ್ಲ. ಅಲ್ಲಿಯ ಸಫಾರಿಯವರೊಬ್ಬರನ್ನು ಗೊತ್ತು ಮಾಡಿಕೊಳ್ಳಬೇಕು. ವಸತಿ, ಊಟ, ಹೆಜ್ಜೆ ಹುಡುಕುವ ಆಳು, ಬಿಲ್ಲಿನವನ ಬೆನ್ನಿಗೆ ಬಂದೂಕು ಹಿಡಿದು ನಿಲ್ಲುವವನು, ಎಲ್ಲ ಅವರ ಕಡೆಯದೇ. ಬಾಣ ಸರಿಯಾಗಿ ನಾಟದ ಕಾಡುಕೋಣ ಓಡಿಹೋಗಿ ಪೊದೆಯಲ್ಲಿ ತಿರುಗಿ ನಿಂತು, ಹುಡುಕಿಕೊಂಡು ಬರುವವರಿಗಾಗಿ ಕಾಯುತ್ತದೆ. ಹೀಗಾಗಿ ಸಫಾರಿಯವನನ್ನು ಆರಿಸುವುದೆಂದರೆ ಜೀವವನ್ನು ಯಾರ ಕೈಗೆ ಕೊಡುವುದೆಂದು ತೀರ್ಮಾನಿಸಿದಂತೆಯೇ. ಆ ತೀರ್ಮಾನದ ಕೆಲಸ ಲೆಂಪಿಯ ತಲೆಗೆ ಬಂತು. ಮರ ಕೊಯ್ಯುವ ಯಂತ್ರದ ಸದ್ದಿಗೆ ಅರ್ವೊನ ಕಿವಿ ಹೋಗಿತ್ತು. ಹೆಂಡತಿಯ ದನಿ ಕೇಳುತ್ತಿತ್ತು, ಫೋನಿನಲ್ಲಿ ಪರದೇಶದವರ ಮಾತು ಒಂದೂ ತಿಳಿಯುತ್ತಿರಲಿಲ್ಲ. ಅವರು ಹೇಳಿದ್ದನ್ನು ಇವನಿಗೆ, ಇವನು ಹೇಳಿದ್ದನ್ನು ಅವರಿಗೆ ಅವಳೇ ದಾಟಿಸಬೇಕಿತ್ತು.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಚಳಿಗಾಲಕ್ಕೂ ಮುಂಚೆ, ಎಲೆ ಉದುರುವ ಕಾಲದಲ್ಲಿ ಒಂದು ದಿನ ಕಾಫಿ ಕೊಡಲು ಹಿತ್ತಿಲಿನ ಶೆಡ್ಡಿಗೆ ಹೋದಾಗ ನೋಡಬಾರದ್ದನ್ನು ನೋಡಿದ್ದಳು. ಅರ್ವೊ ಹೆದೆ ಎಳೆದ, ಗುರಿ ಕಣ್ಣಿಗೆ ಸಿಕ್ಕಿತೋ ಇಲ್ಲವೋ ಬೆರಳು ತಾನಾಗಿ ಬಿಟ್ಟುಕೊಂಡಿತು, ಬಾಣ ಹೋಗಿ ಹಲಗೆ ಗೋಡೆಗೆ ಬಡಿಯಿತು. "ಗಾಳಿ" ಅಂದ. ನಾಲ್ಕು ಗೋಡೆಯ ಒಳಗೆ ಎಲ್ಲಿಯ ಗಾಳಿ! ಅಂದಿನಿಂದ ಅವನು ಅವಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಅಭ್ಯಾಸ ಮಾಡತೊಡಗಿದ, ಗೋಡೆಗೆ ಹೊಸ ಹಲಗೆಗಳು ಬಂದವು. ಬಿಲ್ಲುಗಾರರಿಗೆ ಬರುವ ಭಯದ ಕಾಯಿಲೆ ಅದು. ಕ್ಲಬ್ಬಿನಲ್ಲಿ ಯಾರೂ ಅದರ ಹೆಸರೆತ್ತುವುದಿಲ್ಲ. ಹೆಸರು ಹೇಳಿದರೆ ಅಂಟಿಕೊಳ್ಳುತ್ತದೆಂದು ನಂಬಿಕೆ. ಬಂದವನಿಗೆ ಬಂದಿದೆ ಎಂದು ಅವನ ಹೆಂಡತಿಯೂ ಹೇಳುವಂತಿಲ್ಲ. ಲೆಂಪಿಯೂ ಹೇಳಲಿಲ್ಲ, ಹೇಳದೆ ಒಳಗೊಳಗೇ ಬೇಯುತ್ತಿದ್ದಳು.

ಮೊದಲು ಸಿಕ್ಕ ಸಫಾರಿಯವನು ಮಾತಿನಮಲ್ಲ. "ಏನೂ ಯೋಚನೆ ಮಾಡ್ಬೇಡಿ ಮೇಡಂ. ನಿಮ್ಮೆಜಮಾನ್ರು ಬಾಣ ಬಿಡ್ತಿದ್ದ ಹಾಗೇ ನಾನು ಹಿಂದಿನಿಂದ ಗುಂಡು ಹೊಡೀತೀನಿ. ಫೋಟೋದಲ್ಲಿ ಬಾಣ ಒಂದೇ ಕಾಣೋದು!" ಎಂದು ನಕ್ಕ. ಲೆಂಪಿ ಇದನ್ನು ಹೇಳಿದಾಗ ಅರ್ವೊನ ಮುಖ ಅರಳಿತು.

"ಇವನೇ ಆಗ್ಲಿ. ಖುಷಿ ಮನುಷ್ಯ."

"ಅವನ ಹತ್ರ ಹೋಗಿಬಂದವರನ್ನ ಒಂದು ಮಾತು ಕೇಳ್ತೀನಿ, ತಾಳು."

ಹಳೆಯ ಗಿರಾಕಿಗಳ ಫೋನ್ ನಂಬರು ಕೇಳಿ ವಿಚಾರಿಸುವುದು ಬೇಟೆಯವರಲ್ಲಿ ವಾಡಿಕೆ. ಗಂಡಸರದ್ದು ಒಂದೇ ರಾಗ: ಊಟ ಚೆನ್ನಾಗಿತ್ತು, ಜನ ಒಳ್ಳೆಯವರು. ಲೆಂಪಿ, ಹೆಂಡತಿಗೆ ಫೋನ್ ಕೊಡಿ ಎಂದು ಕೇಳುವ ಉಪಾಯ ಹೂಡಿದಳು. ಒಹಾಯೋದ ಹೆಂಗಸೊಬ್ಬಳು ಮೊದಲು ತಾನೂ ಊಟದ ಸುದ್ದಿಯನ್ನೇ ಹೇಳಿದಳು. ಆಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನಿಮ್ಮೋರು ಕೋಣಕ್ಕೇನಾ ಹೋಗ್ತಿರೋದು?" ಅವಳು ಪಿಸುಗುಟ್ಟಿದಳು. "ನಮ್ಮೋರ ಬಾಣ ಹೊಟ್ಟೆಗೆ ಬಿತ್ತು. ಅವನ ಗುಂಡೂ ಸರಿಯಾಗಿ ಬೀಳ್ಲಿಲ್ಲ. ಪೊದೆಯೊಳಗೆ ಹುಡುಕ್ಕೊಂಡು ಹೋದ್ರು. ಇವರದ್ದು ಒಂದು ಕಾಲು ಮಂಡಿ ಕೆಳಗೆ ಇಲ್ಲ. ಮುಂದೆ ಹೋಗ್ತಿದ್ದ ಆಳು ಉಳೀಲೇ ಇಲ್ಲ."

"ಮತ್ತೆ ನಿಮ್ಮ ಯಜಮಾನ್ರು ಆ ಸಫಾರಿಯವನು ಒಳ್ಳೆಯವನು ಅಂದ್ರಲ್ಲ?"

"ಕೆಟ್ಟೋನು ಅಂದ್ರೆ ಆ ಬಾಣ ಯಾರದ್ದು ಅಂತಾನೂ ಹೇಳಬೇಕಲ್ಲಮ್ಮ."

ಲೆಂಪಿ ಫೋನಿಟ್ಟು ಎದ್ದಳು. ಇಷ್ಟನ್ನೂ ಗಂಡನ ಮುಂದೆ ಒಂದುಸಿರಿಗೆ ಹೇಳಿದಳು. ಅವನು ಮಾಂಸ ತುಂಬಿ ಬೇಯಿಸಿದ ಪಾಸ್ಟಿ ಮುರಿಯುತ್ತಾ ಕೂತಿದ್ದ.

"ಅವನು ಎಡವಟ್ಟು ಮಾಡಿದ್ರೆ ನಾನೂ ಮಾಡ್ತೀನಾ? ನೀನೊಬ್ಬಳು ಪುಕ್ಕಲಿ," ಅಂದ. ಮುರಿದ ತುಂಡು ಮಾತ್ರ ಬಾಯಿಗೆ ಹೋಗಲಿಲ್ಲ. ಎದ್ದು ಹಬೆಸ್ನಾನದ ಸೌನಾ ಕೋಣೆಗೆ ಹೋದವನು ಒಲೆ ಆರಿದ ಮೇಲೂ ಹೊರಗೆ ಬರಲಿಲ್ಲ.

ಆ ವಾರವೆಲ್ಲ ಬಸ್ಸು ಓಡಿಸುವಾಗ ರಸ್ತೆಯಂಚಿನ ಪ್ರತಿ ಪೊದೆಯಲ್ಲೂ ಏನೋ ತಿರುಗಿ ನಿಂತ ಹಾಗೆ ಅವಳಿಗೆ ಕಾಣುತ್ತಿತ್ತು. ಎರಡನೆಯ ಸಫಾರಿಯವನ ಹೆಸರು ಗೆರಿಟ್. ಮುಂಗೋಪಿ, ನಗುವವನಲ್ಲ, ಅವನ ಹತ್ತಿರ ಜನ ಹೆಚ್ಚು ಹೋಗುವುದಿಲ್ಲ ಎಂದು ಕೇಳಿದ್ದಳು. ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಇಬ್ಬರೂ ಕೂತರು.

ಗೆರಿಟ್ ಮೃಗಗಳ ಸುದ್ದಿಯನ್ನಾಗಲಿ ಊಟದ ಸುದ್ದಿಯನ್ನಾಗಲಿ ಎತ್ತಲಿಲ್ಲ. "ನಿಮ್ಮ ಕಡೆಯವರಿಗೆ ಜಿಂಕೆ ಹೊಡೆದು ಅಭ್ಯಾಸ. ಇಲ್ಲಿಯ ಪ್ರಾಣಿಗಳ ಹೃದಯ ಇನ್ನೂ ಮುಂದಕ್ಕೆ, ಮುಂಗಾಲಿನ ಹತ್ರ ಇರತ್ತೆ. ಅದನ್ನ ಕಲಿಸಬಹುದು. ಆದ್ರೆ ಎಲ್ಲರ ಹತ್ರಾನೂ ಒಂದು ಕೇಳ್ತೀನಿ. ಈಚೆಗೆ ಅವರು ಬಿಟ್ಟ ಬಾಣಗಳಲ್ಲಿ ತೀರಾ ಕೆಟ್ಟದ್ದು ಯಾವುದು? ಚೆನ್ನಾಗಿ ಬಿದ್ದದ್ದು ನನಗೆ ಬೇಡ."

ಲೆಂಪಿ ಗಂಡನ ಕಡೆ ತಿರುಗಿ ಪ್ರಶ್ನೆಯನ್ನು ಇದ್ದ ಹಾಗೇ ಹೇಳಿದಳು. ಅರ್ವೊ ಅವಳ ಕಣ್ಣು ತಪ್ಪಿಸಿದ.

"ಕೆಟ್ಟದ್ದು ಅನ್ನೋದೇ ಇಲ್ಲ ಅಂತ ಹೇಳು. ಎಲ್ಲ ಅಂಗೈಯಗಲದಲ್ಲೇ ಬೀಳ್ತವೆ ಅನ್ನು."

ಲೆಂಪಿ ಫೋನಿನ ಕಡೆ ತಿರುಗಿದಳು. ಗಂಡನ ಮಾತನ್ನು ದಾಟಿಸಿದರೆ ಗೆರಿಟ್ ಬನ್ನಿ ಎನ್ನುತ್ತಾನೆ, ಅರ್ವೊ ಹೋಗುತ್ತಾನೆ. ನಿಜ ಹೇಳಿದರೆ ಪರದೇಶದವನೊಬ್ಬನ ಮುಂದೆ ಗಂಡನ ಮಾನ ಹೋಗುತ್ತದೆ, ಅವನು ಮತ್ತೆ ತನ್ನ ಮುಖ ನೋಡದೇ ಇರಬಹುದು. ಎರಡಕ್ಕೂ ಅವಳು ಸಮನಾಗಿ ಹೆದರಿದಳು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಾಣ ಗೋಡೆಗೆ ಹೋಗಿ ಬೀಳುತ್ತೆ ಸರ್," ಎಂದಳು. "ಒಂದಲ್ಲ, ಬೇಕಾದಷ್ಟು. ಗುರಿ ಕಣ್ಣಿಗೆ ಬಿದ್ದ ತಕ್ಷಣ ಬೆರಳು ನಿಲ್ಲಲ್ಲ. ಅವರಿಗೆ ಆ ಭಯ ಬಂದಿದೆ."

ಅವಳ ದನಿ ಅರ್ವೊಗೆ ಚೆನ್ನಾಗಿಯೇ ಕೇಳುತ್ತಿತ್ತು.

"ಅವರು ಅಲ್ಲೇ ಇದ್ದಾರಾ?" ಎಂದು ಗೆರಿಟ್ ಕೇಳಿದ.

"ಪಕ್ಕದಲ್ಲೇ ಇದ್ದಾರೆ."

"ಸರಿ. ನಾನು ಕಾಯ್ತೀನಿ."

ಅರ್ವೊ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ. ಲೆಂಪಿ ಆ ಬೆನ್ನನ್ನೇ ನೋಡುತ್ತಿದ್ದಳು. ಜಾಕೆಟ್ ಹಾಕಿಕೊಂಡು ಹೊರಟುಬಿಡುತ್ತಾನೆ ಅನ್ನಿಸಿತು.

"ಕೇಳು ಅವನನ್ನ," ಅರ್ವೊ ತಿರುಗದೆಯೇ ಹೇಳಿದ. "ನನ್ನಂಥೋನನ್ನ ಕರ್ಕೊಂಡು ಹೋಗ್ತಾನಾ ಕೇಳು."

ಕೇಳಿದಳು.

"ಕೋಣಕ್ಕೆ ಆಗಲ್ಲ," ಅಂದ ಗೆರಿಟ್. "ಎಷ್ಟು ಕೊಟ್ಟರೂ ಆಗಲ್ಲ. ಕಾಡುಹಂದಿಗೆ ಬರಲಿ, ಸುಮ್ಮನೆ ಕೂತು ನೋಡೋಕೆ ಬರಲಿ, ಸಂತೋಷ. ನನ್ನ ಆಳು ಬರಿಗೈಲಿ ಮುಂದೆ ಹೋಗ್ತಾನಮ್ಮ. ಅವನಿಗೂ ಮನೇಲಿ ಹೆಂಡತಿ ಇದ್ದಾಳೆ."

ಲೆಂಪಿ ಒಂದು ಮಾತನ್ನೂ ಬಿಡದೆ ದಾಟಿಸಿದಳು. ಮತ್ತೆ ಫೋನ್ ಮಾಡುತ್ತೇನೆಂದು ಹೇಳಿ ಇಟ್ಟಳು. ಅರ್ವೊ ಬಂದು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸಿಟ್ಟಿರಬೇಕು ಎಂದುಕೊಂಡಳು. ಭುಜ ಅದುರುವುದನ್ನು ನೋಡಿದ ಮೇಲೆಯೇ ಅಳುತ್ತಿದ್ದಾನೆಂದು ಅವಳಿಗೆ ತಿಳಿದದ್ದು.

"ಯಾವಾಗಿಂದ ಗೊತ್ತಿತ್ತು ನಿನಗೆ?"

"ಕಾಫಿ ತಂದ ದಿನದಿಂದ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನಿನ್ನ ಮಾನ ಹೋಗುತ್ತಲ್ಲ ಅಂತ ಕಣೋ."

"ಆ ಒಹಾಯೋದವನ ಕಾಲಿನ ಸುದ್ದಿ ಕೇಳಿದ ಮೇಲೂ ನಾನು ಇಲ್ಲ ಅಂತಿರಲಿಲ್ಲ ಕಣೇ. ಒಂದು ದಿನಾನೂ ನಿದ್ದೆ ಮಾಡಿಲ್ಲ. ಆದರೂ ಹೋಗ್ತಿದ್ದೆ. ಕ್ಲಬ್ಬಿನವರ ಮುಂದೆ ನಿಂತು ಆಗಲ್ಲ ಅನ್ನೋದಕ್ಕಿಂತ ಅಲ್ಲಿ ಹೋಗಿ ಸಾಯೋದೇ ಸುಲಭ ಅನ್ನಿಸಿಬಿಟ್ಟಿತ್ತು."

ಇದನ್ನು ಅವನು ದೊಡ್ಡ ಸಂಗತಿಯೇನಲ್ಲ ಎಂಬಂತೆ ಹೇಳಿದ. ಲೆಂಪಿ ಅವನ ಕೈಯನ್ನು ಎಳೆದು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ಅಪಾಯ ದಾಟಿಹೋಗಿತ್ತು, ಆದರೂ ಅವಳು ಆ ಹೊತ್ತಿನಲ್ಲಿ ಹೆದರಿದಷ್ಟು ಅದಕ್ಕೆ ಮೊದಲು ಎಂದೂ ಹೆದರಿರಲಿಲ್ಲ.